ಪೆನ್‌ಡ್ರೈವ್‌ಗೆ ಕಾಪಿ ಹಾಕಿದ್ರೆ ಸಿಸ್ಟಮ್ ನಿಲ್ತಿತ್ತು, ಹೀಗ್ ಸರಿ ಮಾಡ್ದೆ

ತುಮಕೂರು ಬಿ.ಎಚ್. ರೋಡ್ ಕಡೆ ನಮ್ದೊಂದು ಸಣ್ಣ ಫೋಟೋ ಸ್ಟುಡಿಯೋ, ಎಡಿಟಿಂಗ್‌ಗೆ 16 ಜಿಬಿ ರ‍್ಯಾಮ್ ಇರೋ ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ ಒಂದು ಆಪರೇಟಿಂಗ್ ಸಿಸ್ಟಮ್) ಹಾಕಿರೋ ಸಿಸ್ಟಮ್. ಮದುವೆ ಸೀಸನ್ ಬಂದ್ರೆ ದಿನಾ ಇದೇ ಗೋಳು, ಪೆನ್‌ಡ್ರೈವ್‌ಗೆ ವಿಡಿಯೋ ಕಾಪಿ ಹಾಕಿದ್ರೆ ಮೊದಲ ಎರಡು ಜಿಬಿ ಸರ‍್ರಂತ ಹೋಗುತ್ತೆ, ಆಮೇಲೆ ಅಲ್ಲೇ ನಿಂತ್ಕೊಳ್ಳುತ್ತೆ, ಬ್ರೌಸರ್ ಕೂಡ ಅಲ್ಲಾಡಲ್ಲ, ಈ ಕಡೆ ಕಸ್ಟಮರ್ರು "ಅಣ್ಣ ಆಯ್ತಾ, ಶಿರಾ ಬಸ್ ಹೊಂಟೋಗ್ತೈತೆ" ಅಂತಾರೆ. ಫೈಲ್ ಸಣ್ಣದಾದ್ರೆ ಇನ್ನೂ ಕಷ್ಟ! ಕಾಪಿ ಮುಗೀತು ಅಂತ ತೋರ್ಸುತ್ತೆ, ಅವ್ರು ಕಿತ್ಕೊಂಡು ಹೋಗ್ತಾರೆ, ಮನೇಲಿ ಹಾಕಿದ್ರೆ ಮುಹೂರ್ತದ ತನಕ ಮಾತ್ರ ಓಡುತ್ತೆ.

ಪೆನ್‌ಡ್ರೈವ್ ಕೆಟ್ಟಿರಲ್ಲ. ಲಿನಕ್ಸ್ ಡೇಟಾನ ಮೊದ್ಲು ರ‍್ಯಾಮ್‌ನ ಪೇಜ್ ಕ್ಯಾಶ್ ಅನ್ನೋ ತಾತ್ಕಾಲಿಕ ಜಾಗದಲ್ಲಿ ಇಟ್ಕೊಂಡು ಆಮೇಲೆ ನಿಧಾನಕ್ಕೆ ಡ್ರೈವ್‌ಗೆ ಬರೆಯುತ್ತೆ, ಬರೀದೆ ಉಳಿದಿರೋದಕ್ಕೆ ಡರ್ಟಿ ಪೇಜ್ ಅಂತಾರೆ. ಡೀಫಾಲ್ಟ್‌ನಲ್ಲಿ ಸಿಗೋ ಮೆಮೊರಿಯ ಶೇ. 10 ತುಂಬಿದ್ಮೇಲೆ ಹಿಂದ್ಗಡೆ ಬರೆಯೋದು ಶುರು, ಶೇ. 20 ಮುಟ್ಟಿದ್ರೆ ಬರೀತಿರೋ ಪ್ರೋಗ್ರಾಮನ್ನೇ ತಡೆದು ನಿಲ್ಲಿಸುತ್ತೆ. 12 ಜಿಬಿ ಸಿಗ್ತಿದೆ ಅನ್ಕೊಳ್ಳಿ, ಅದ್ರಲ್ಲಿ ಶೇ. 20 ಅಂದ್ರೆ 2.4 ಜಿಬಿ, ಸೆಕೆಂಡಿಗೆ 6 ಎಂಬಿ ಬರೆಯೋ ಅಗ್ಗದ ಪೆನ್‌ಡ್ರೈವ್‌ಗೆ ಅಷ್ಟು ಇಳಿಸೋಕೆ ಹತ್ತತ್ರ ಏಳು ನಿಮಿಷ ಬೇಕು. ರ‍್ಯಾಮ್ ಜಾಸ್ತಿ ಹಾಕಿಸಿದಷ್ಟೂ ಈ ಕಾಟ ಜಾಸ್ತಿನೇ. ಕಣ್ಣಾರೆ ನೋಡ್ಬೇಕಂದ್ರೆ ಕಾಪಿ ಆಗ್ತಿರುವಾಗ ಪ್ರಾಕ್ ಫೋಲ್ಡರ್‌ನ ಮೆಮ್‌ಇನ್ಫೋ ಫೈಲ್‌ನಲ್ಲಿ (/proc/meminfo) ಡರ್ಟಿ ಅನ್ನೋ ಸಾಲು ನೋಡಿ.

ನಾನು ಮಾಡಿದ್ದು ಇಷ್ಟೇ, ಇಟಿಸಿ ಒಳಗಿನ ಸಿಸ್‌ಸಿಟಿಎಲ್.ಡಿ (/etc/sysctl.d) ಅನ್ನೋ ಸೆಟ್ಟಿಂಗ್ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ ಪ್ರೋಗ್ರಾಮನ್ನ ತಡೆಯೋ ಮಿತಿಯಾದ ವಿಎಂ.ಡರ್ಟಿ_ಬೈಟ್ಸ್‌ಗೆ (vm.dirty_bytes) 67108864, ಅಂದ್ರೆ 64 ಎಂಬಿ, ಹಿಂದ್ಗಡೆ ಬರೆಯೋದು ಶುರು ಮಾಡೋ ಮಿತಿಯಾದ ವಿಎಂ.ಡರ್ಟಿ_ಬ್ಯಾಕ್‌ಗ್ರೌಂಡ್_ಬೈಟ್ಸ್‌ಗೆ (vm.dirty_background_bytes) 16777216, ಅಂದ್ರೆ 16 ಎಂಬಿ ಕೊಟ್ಟೆ. ಬೈಟ್ಸ್ ಕೊಟ್ಟ ತಕ್ಷಣ ಹಳೇ ಶೇ. 10, ಶೇ. 20ರ ರೇಷಿಯೋಗಳು ಸೊನ್ನೆ ಆಗ್ತವೆ, ಅದು ಸರೀನೇ, ಗಾಬರಿ ಬೇಡ. ಪೆನ್‌ಡ್ರೈವ್ ಸ್ಪೀಡೇನೂ ಹೆಚ್ಚಲ್ಲ, ಒಟ್ಟು ಟೈಮು ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಕಾಪಿ ಪರ್ಸೆಂಟೇಜ್ ನಿಜ ಹೇಳುತ್ತೆ, ಈಗ ಕಾಪಿ ನಡೀತಿದ್ರೂ ಆಲ್ಬಮ್ ಕೆಲಸ ಮಾಡ್ಬೋದು. ಎಜೆಕ್ಟ್ ಒತ್ತೋದು ಮಾತ್ರ ಈಗ್ಲೂ ಬಿಡಂಗಿಲ್ಲ.

ಸಾವಿರಾರು ಫೋಟೋ ಇರೋ ಫೋಲ್ಡರ್‌ಗಳಿಗೆ ವಿಎಫ್‌ಎಸ್_ಕ್ಯಾಶ್_ಪ್ರೆಶರ್ (vm.vfs_cache_pressure) ಅನ್ನೋ ಸೆಟ್ಟಿಂಗ್ 100 ಇದ್ದಿದ್ದನ್ನ 50 ಮಾಡ್ದೆ, ಫೈಲ್‌ಗಳ ವಿವರ ರ‍್ಯಾಮ್‌ನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಉಳಿಯುತ್ತೆ. ಸೊನ್ನೆ ಮಾತ್ರ ಮಾಡ್ಬೇಡಿ, ಅದು ಮೆಮೊರಿನ ವಾಪಸ್ಸೇ ಕೊಡದೆ ಕೊನೆಗೆ ಸಿಸ್ಟಮ್ಮೇ ಕಕ್ಕಾಬಿಕ್ಕಿ.

ಇನ್ನು ಕೆಲವ್ರು ಮೆಮೊರಿ ಲೆಕ್ಕ ತೋರ್ಸೋ free ಕಮಾಂಡ್‌ನಲ್ಲಿ ಫ್ರೀ ಅನ್ನೋ ಕಾಲಮ್ ಕಮ್ಮಿ ಕಂಡ್ರೆ ಸಾಕು, ಗಂಟೆಗೊಂದ್ಸಲ ಕ್ಯಾಶ್ ಖಾಲಿ ಮಾಡ್ಸೋಕೆ ಡ್ರಾಪ್_ಕ್ಯಾಶಸ್‌ಗೆ (drop_caches) 3 ಬರೆಯೋ ಸ್ಕ್ರಿಪ್ಟ್ ಹಾಕ್ಕೊಂಡಿರ್ತಾರೆ. ಯಾಕ್ರೀ ಬೇಕು? ಖಾಲಿ ರ‍್ಯಾಮ್‌ನ ಕ್ಯಾಶ್‌ಗೆ ಬಳಸೋದೇ ಲಿನಕ್ಸ್ ಕೆಲಸ, ಬೇರೆ ಪ್ರೋಗ್ರಾಮ್ ಕೇಳಿದ್ರೆ ಬಿಟ್ಕೊಡುತ್ತೆ. ನೋಡ್ಬೇಕಾಗಿರೋದು ಅವೈಲಬಲ್ ಕಾಲಮ್.