ಹಳೇ ವ್ಯಾಗನ್ ದಾನ ಕೊಟ್ಟೆವು: ನನ್ನ ಅನುಭವ

ಬಲಗಡೆ ಹಿಂದಿನ ಟೈರಿನ ಪಕ್ಕಕ್ಕೆ ಮೊಳೆ ಹೊಕ್ಕಿತ್ತು. ಅಲ್ಲಿ ತೂತಾದರೆ ಪಂಕ್ಚರ್ ಹಾಕುವುದಿಲ್ಲ, ಟೈರ್ ಬದಲಿಸಬೇಕು. ಒಂದು ಟೈರ್ ತಾನೇ ಅಂದುಕೊಂಡು ಹೋದೆ. "ನಿಮ್ಮದು ಆಲ್ ವೀಲ್ ಡ್ರೈವ್. ಉಳಿದ ಮೂರು ಅರ್ಧ ಸವೆದಿವೆ. ನಾಲ್ಕೂ ಹಾಕಿಸಬೇಕು" ಅಂದ ಮೆಕ್ಯಾನಿಕ್.

ಅವನು ಹೇಳಿದ್ದು ಸುಳ್ಳಲ್ಲ. ಇಂಥ ಗಾಡಿಯಲ್ಲಿ ಎಂಜಿನ್ ನಾಲ್ಕೂ ಚಕ್ರ ತಿರುಗಿಸುತ್ತದೆ. ಒಂದು ಟೈರ್ ಮಾತ್ರ ಹೊಸದಾಗಿ ದಪ್ಪ ಇದ್ದರೆ, ಅದು ಉಳಿದವಕ್ಕಿಂತ ನಿಧಾನವಾಗಿ ಸುತ್ತುತ್ತದೆ. ಆ ವ್ಯತ್ಯಾಸವನ್ನು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಒಳಗಿನ ಗೇರ್, ಅಂದರೆ ಡಿಫರೆನ್ಷಿಯಲ್, ಸದಾ ಸಹಿಸಿಕೊಂಡು, ಬಿಸಿಯಾಗಿ, ಕೊನೆಗೆ ಕೆಡುತ್ತದೆ. ಜೊತೆಗೆ ಎಂಜಿನ್ನಿನ ಎರಡು ಭಾಗದ ನಡುವಿನ ಸೀಲ್, ಹೆಡ್ ಗ್ಯಾಸ್ಕೆಟ್, ಹತ್ತಿರ ಆಯಿಲ್ ಜಿನುಗುತ್ತಿರುವುದನ್ನೂ ಟಾರ್ಚ್ ಹಿಡಿದು ತೋರಿಸಿದ. ಎಲ್ಲ ಸೇರಿ 3,400 ಡಾಲರ್. ನಮ್ಮದು 2004ರ ಸ್ಟೇಷನ್ ವ್ಯಾಗನ್, 1,87,000 ಮೈಲಿ ಓಡಿದೆ. ಗಾಡಿಯ ಬೆಲೆಯೇ ಅಷ್ಟಿರಲಿಲ್ಲ.

ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಇಂಥ ಗಾಡಿ ಯಾಕೆ ಅಂದರೆ, ಹಿಮ ಬೀಳುವ ಬೆಟ್ಟಗಳ ನಡುವಿನ ಸರೋವರ ಲೇಕ್ ಟಾಹೋ. ಚಳಿಗಾಲದಲ್ಲಿ ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ ಡಾನರ್ ಪಾಸ್ ಕಡೆ ಹತ್ತುವಾಗ, ಜಾರದಂತೆ ಚಕ್ರಕ್ಕೆ ಚೈನ್ ಕಟ್ಟಿ ಅನ್ನುವ ಚೈನ್ ಕಂಟ್ರೋಲ್ ಬೋರ್ಡ್ ಹಾಕಿದರೆ, ಬೇರೆಯವರು ರಸ್ತೆ ಬದಿಯಲ್ಲಿ ಮಂಡಿಯೂರಿ ಚೈನ್ ಕಟ್ಟುತ್ತಿರುತ್ತಾರೆ. ನಾಲ್ಕೂ ಚಕ್ರಕ್ಕೆ ಹಿಮದ ಟೈರ್ ಇದ್ದ ನಮ್ಮ ಗಾಡಿಯನ್ನು ಸುಮ್ನೆ ಬಿಡುತ್ತಿದ್ದರು. ಆದರೂ ಒಂದು ಜೊತೆ ಚೈನ್ ಗಾಡಿಯೊಳಗೆ ಇರಲೇಬೇಕು, ಅದು ನಿಯಮ. ಹದಿನಾರು ಚಳಿಗಾಲ ಹೊತ್ತುಕೊಂಡು ತಿರುಗಿದ ಆ ಚೈನಿನ ಪೊಟ್ಟಣವನ್ನು ನಾವು ಒಮ್ಮೆಯೂ ಬಿಚ್ಚಲಿಲ್ಲ.

ಮಾರಬಹುದಿತ್ತು. ಇಲ್ಲಿ ಮಾರುವವರೇ 90 ದಿನದೊಳಗಿನ ಸ್ಮಾಗ್ ಸರ್ಟಿಫಿಕೇಟ್, ಅಂದರೆ ಹೊಗೆ ತಪಾಸಣೆಯ ಪತ್ರ, ಕೊಡಬೇಕು. ಅದು ದೊಡ್ಡ ಮಾತಲ್ಲ. ಗೆಳೆಯನ ಮಗನೊಬ್ಬ 2,000ಕ್ಕೆ ಕೇಳಿದ್ದ ಕೂಡ. ಆದರೆ ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ರೀ, ಆಯಿಲ್ ಸೋರೋ ಗಾಡೀನ ಗೊತ್ತಿರೋರಿಗೆ ಮಾರಬೇಡಿ. ಆಮೇಲೆ ಯುಗಾದಿ ಹಬ್ಬದಲ್ಲಿ ಅವರ ಮುಂದೆ ಒಬ್ಬಟ್ಟು ತಿನ್ನೋಕೂ ಆಗಲ್ಲ." ಡೀಲರ್ 400 ಕೊಡುತ್ತೇನೆ ಅಂದ. ದಾನ ಕೊಟ್ಟರೆ ತೆರಿಗೆಯಲ್ಲಿ ಸ್ವಲ್ಪ ಕಡಿತವೂ ಸಿಗಬಹುದು. ಹಾಗಾಗಿ ದಾನದ ಕಡೆ ತಿರುಗಿದೆವು. ಅದು 2023ರ ಅಕ್ಟೋಬರ್.

ಗಾಡಿ ದಾನ ತಗೊಳ್ಳುವ ಸಂಸ್ಥೆಗಳು ಇಲ್ಲಿ ಬೇಕಾದಷ್ಟಿವೆ. ಹೆಸರು ಕೇಳಿ ಮರುಳಾಗಬೇಡಿ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ವೆಬ್‌ಸೈಟಿನಲ್ಲಿ ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳನ್ನು ಹುಡುಕಬಹುದು, ಮೊದಲು ಅಲ್ಲಿ ನೋಡಿ. ಆಮೇಲೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಗಾಡಿಯನ್ನು ನೀವೇ ಬಳಸುತ್ತೀರಾ, ಹರಾಜು ಹಾಕುತ್ತೀರಾ? ಹರಾಜಾದರೆ ನೂರರಲ್ಲಿ ಎಷ್ಟು ನಿಮ್ಮ ಕೈಗೆ ಬರುತ್ತದೆ? ಒಂದು ಕಡೆ ಎರಡನೇ ಪ್ರಶ್ನೆಗೆ ಹತ್ತು ನಿಮಿಷ ಹೋಲ್ಡ್ ಸಂಗೀತ ಕೇಳಿಸಿದರು. ಗಾಡಿಯನ್ನು ತಾವೇ ಬಳಸುವ ಒಂದು ಚಿಕ್ಕ ಸಂಸ್ಥೆ ಸಿಕ್ಕಿತು, ಆದರೆ ಹೆಡ್ ಗ್ಯಾಸ್ಕೆಟ್ ಅಂದ ತಕ್ಷಣ ಬೇಡ ಅಂದರು. ಕೊನೆಗೆ ಬಡವರಿಗೆ ಆಹಾರ ಹಂಚುವ ಒಂದು ಫುಡ್ ಬ್ಯಾಂಕಿಗೆ ಕೊಡೋಣ ಅಂತಾಯಿತು. ಮಧ್ಯದ ಕಂಪನಿ ಟೋಯಿಂಗ್, ಹರಾಜು ಎಲ್ಲ ನೋಡಿಕೊಳ್ಳುತ್ತದೆ, ನೂರಕ್ಕೆ 70 ತಮಗೆ ಬರುತ್ತದೆ ಅಂತ ಅವರು ನೇರವಾಗಿ ಹೇಳಿದರು. ಅದೇ ನನಗೆ ಹಿಡಿಸಿತು.

ಕಾಗದದಲ್ಲಿ ನಾನು ಎಡವಿದೆ. ಗಾಡಿಯ ಟೈಟಲ್, ಇಲ್ಲಿನವರ ಬಾಯಲ್ಲಿ ಪಿಂಕ್ ಸ್ಲಿಪ್, ಕಪಾಟಿನಲ್ಲೇ ಇತ್ತು. ತೆಗೆದು ನೋಡಿದರೆ ಸಾಲ ಕೊಟ್ಟವರ ಜಾಗದಲ್ಲಿ ಇನ್ನೂ ಬ್ಯಾಂಕಿನ ಹೆಸರು, ಬಿಡುಗಡೆಯ ಸಹಿ ಇಲ್ಲ. ಸಾಲ ತೀರಿಸಿ ಹದಿನಾಲ್ಕು ವರ್ಷ ಆಗಿತ್ತು. ಆ ಬ್ಯಾಂಕೋ, ಇನ್ನೊಂದು ಬ್ಯಾಂಕಿನಲ್ಲಿ ಸೇರಿಹೋಗಿತ್ತು! ಸಾಲ ತೀರಿದೆ ಅನ್ನುವ ಪತ್ರ ತರಿಸಲು ಮೂರು ವಾರ ಹಿಡಿಯಿತು. ಟೈಟಲ್‌ನಲ್ಲಿ ಗಂಡ ಹೆಂಡತಿ ಹೆಸರಿನ ನಡುವೆ 'ಆ್ಯಂಡ್' ಅಂತಿದ್ದರೆ ಇಬ್ಬರೂ ಸಹಿ ಹಾಕಬೇಕು, 'ಆರ್' ಅಂತಿದ್ದರೆ ಒಬ್ಬರದು ಸಾಕು. ಒಬ್ಬರು ಊರಿಗೆ ಹೋಗುವ ಮುಂಚೆ ಇದನ್ನು ನೋಡಿಕೊಳ್ಳಿ.

ಒಯ್ಯುವ ದಿನ ಬೆಳಿಗ್ಗೆ ಗಾಡಿ ಖಾಲಿ ಮಾಡಿದೆವು. ಸ್ಟೆಪ್ನಿ ಗುಂಡಿಯಲ್ಲಿ ಯಾವುದೋ ಆಯುಧ ಪೂಜೆಯ ನಿಂಬೆಹಣ್ಣು ಸಿಕ್ಕಿತು, ಒಣಗಿ ಗೋಲಿಯಷ್ಟಾಗಿತ್ತು, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತಿತ್ತು. ಡ್ಯಾಶ್‌ಬೋರ್ಡಿನ ಕುಂಕುಮದ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ, ಬಿಟ್ಟೆವು. ಟೋಲ್ ಟ್ಯಾಗ್ ಮಾತ್ರ ನೆನಪಿಟ್ಟು ಕಿತ್ತುಕೊಂಡೆ. ನಂಬರ್ ಪ್ಲೇಟ್ ತೆಗೆಯಲಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಪ್ಲೇಟ್ ಗಾಡಿ ಜೊತೆಗೇ ಹೋಗುತ್ತದೆ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ. ಚೈನ್ ಪೊಟ್ಟಣವನ್ನೂ ಗಾಡಿಯಲ್ಲೇ ಇಟ್ಟೆ, ಆ ಅಳತೆ ನಮಗಿನ್ನು ಯಾತಕ್ಕೆ?

ಆಲ್ ವೀಲ್ ಡ್ರೈವ್, ಇಡೀ ಗಾಡಿಯನ್ನು ಮೇಲೇರಿಸಿಕೊಂಡು ಒಯ್ಯುವ ಫ್ಲಾಟ್‌ಬೆಡ್ ಲಾರಿಯೇ ಬೇಕು ಅಂತ ಫೋನಿನಲ್ಲಿ ಎರಡು ಸಲ ಹೇಳಿದ್ದೆ. ಬಂದಿದ್ದು ಮುಂದಿನ ಎರಡು ಚಕ್ರ ಎತ್ತಿ ಎಳೆಯುವ ಲಾರಿ. ಹಾಗೆ ಎಳೆದರೆ ಹಿಂದಿನ ಚಕ್ರ ರಸ್ತೆಯಲ್ಲಿ ಉರುಳುತ್ತಾ ಹೋಗುತ್ತದೆ, ಮುಂದಿನದು ನಿಂತಿರುತ್ತದೆ, ನಡುವಿನ ಡಿಫರೆನ್ಷಿಯಲ್ ಅಲ್ಲೇ ಮುಗಿಯಿತು. "ಹರಾಜಿಗೆ ಹೋಗೋ ಗಾಡಿಗೆ ಇಷ್ಟೆಲ್ಲ ಯಾಕೆ?" ಅಂದ ಡ್ರೈವರ್. ಗಾಡಿ ಕೆಟ್ಟರೆ ಬರೋ ನಾಲ್ಕು ಕಾಸೂ ಬರಲ್ಲ ಅಲ್ವಾ? ವಾಪಸ್ ಕಳಿಸಿದೆ. ಎರಡು ದಿನ ಬಿಟ್ಟು ಫ್ಲಾಟ್‌ಬೆಡ್ ಬಂತು.

ಲಾರಿಯವರು ಕೊಡುವ ಚೀಟಿ ತೆರಿಗೆಗೆ ಸಾಲದು, ಅದು ಬರೀ ಗಾಡಿ ಒಯ್ದದ್ದಕ್ಕೆ ಗುರುತು. ಅಂದೇ ರಾತ್ರಿ ವಾಹನ ನೋಂದಣಿ ಇಲಾಖೆ ಡಿಎಂವಿ ವೆಬ್‌ಸೈಟಿನಲ್ಲಿ ಗಾಡಿ ನಮ್ಮ ಕೈಬಿಟ್ಟಿದೆ ಅನ್ನುವ ನೋಟಿಸ್ ತುಂಬಿದೆ. ಐದು ದಿನದೊಳಗೆ ತುಂಬಬೇಕು. ಇನ್ಶೂರೆನ್ಸ್ ರದ್ದು ಮಾಡಿದ್ದು ಅದಾದ ಮೇಲೆಯೇ.

ಜನವರಿಯಲ್ಲಿ ಗಾಡಿ ದಾನದ ತೆರಿಗೆ ಪತ್ರ, ಫಾರ್ಮ್ 1098-ಸಿ, ಬಂತು. ಹರಾಜಿನಲ್ಲಿ ಬಂದ ಹಣ 850 ಡಾಲರ್. ವೆಬ್‌ಸೈಟುಗಳು ಗಾಡಿಗೆ 2,600 ಅಂದಿದ್ದವು, ತೆರಿಗೆ ಲೆಕ್ಕದಲ್ಲಿ ಅದನ್ನು ಹಾಕುವಂತಿಲ್ಲ. 2004ರ ಒಂದು ಕಾನೂನು 2005ರಿಂದ ಆ ದಾರಿ ಮುಚ್ಚಿತು. ಸಂಸ್ಥೆ ಗಾಡಿ ಮಾರಿದರೆ, 500 ಡಾಲರಿಗಿಂತ ಜಾಸ್ತಿ ಕಡಿತ ಕೇಳುವ ದಾನಿಗೆ, ಗಾಡಿ ಮಾರಿದ ಬೆಲೆಯಷ್ಟೇ ಕಡಿತ ಸಿಗುತ್ತದೆ. ಸಂಸ್ಥೆ ತಾನೇ ಚೆನ್ನಾಗಿ ಬಳಸಿದರೆ, ದೊಡ್ಡ ರಿಪೇರಿ ಮಾಡಿಸಿದರೆ, ಅಥವಾ ಬಡವರಿಗೆ ಕಡಿಮೆ ಬೆಲೆಗೆ ಕೊಟ್ಟರೆ ಮಾತ್ರ ಮಾರುಕಟ್ಟೆ ಬೆಲೆ ಹಾಕಬಹುದು. ಯಾವ ಕಡಿತವಾದರೂ ಶೆಡ್ಯೂಲ್ ಎ, ಅಂದರೆ ಕಡಿತಗಳನ್ನು ಒಂದೊಂದಾಗಿ ಬರೆಯುವ ಫಾರ್ಮ್, ತುಂಬುವವರಿಗೆ ಮಾತ್ರ. 2023ರಲ್ಲಿ ಹಾಗೆ ಬರೆಯದ ದಂಪತಿಗೆ ಸಿಗುತ್ತಿದ್ದ ಸ್ಟ್ಯಾಂಡರ್ಡ್ ಡಿಡಕ್ಷನ್ 27,700 ಡಾಲರ್, ಮನೆ ಸಾಲದ ಬಡ್ಡಿಯಿಂದ ನಾವು ಅದನ್ನು ದಾಟಿದ್ದೆವು. ನಮ್ಮ ತೆರಿಗೆ ದರ 22 ಪರ್ಸೆಂಟ್, ಆ ಲೆಕ್ಕದಲ್ಲಿ ಫೆಡರಲ್ ತೆರಿಗೆಯಲ್ಲಿ ಉಳಿದದ್ದು 187 ಡಾಲರ್. ಫುಡ್ ಬ್ಯಾಂಕಿಗೆ ಹೋದದ್ದು ಸುಮಾರು 600. ಗೆಳೆಯನ ಮಗನಿಗೆ ಮಾರಿ ಆ 2,000ವನ್ನೇ ಚೆಕ್ ಬರೆದಿದ್ದರೆ ಅವರಿಗೆ ಮೂರು ಪಟ್ಟು, ನಮಗೆ ಎರಡು ಪಟ್ಟಿಗೂ ಜಾಸ್ತಿ ಲಾಭ ಇತ್ತು. ಓಡುವ, ಸೋರದ ಗಾಡಿ ಇದ್ದವರು ಹಾಗೇ ಮಾಡಿ.

ಫೆಬ್ರವರಿಯಲ್ಲಿ ನನ್ನ ಹೆಸರಿಗೆ ಸೇತುವೆಯ 7 ಡಾಲರ್ ಟೋಲ್ ಬಿಲ್ ಬಂತು, ಫೋಟೋ ಸಮೇತ. ಕೊಂಡವರು ಇನ್ನೂ ಹೆಸರು ಬದಲಿಸಿರಲಿಲ್ಲ. ಡಿಎಂವಿ ನೋಟಿಸಿನ ಪ್ರತಿ ಕಳಿಸಿದೆ, ಬಿಲ್ ರದ್ದಾಯಿತು. ಫೋಟೋ ಮಾತ್ರ ಇಟ್ಟುಕೊಂಡಿದ್ದೇವೆ. ಹಿಂದಿನ ಗಾಜಿನ ಮೂಲೆಯಲ್ಲಿ ನಾವು ಕೀಳಲು ಮರೆತ ಕನ್ನಡ ಬಾವುಟದ ಸ್ಟಿಕ್ಕರ್, ಮೇಲೆ ಹಗ್ಗ ಬಿಗಿದು ಕಟ್ಟಿದ ಯಾರದೋ ಹಾಸಿಗೆ.