ಜಿಪ್ಸಂ ಬೋರ್ಡಿನಿಂದ ಮನೆಯಲ್ಲೇ ಕಮಾನು

ಕೋಣೆಗಳ ನಡುವಿನ ಚೌಕ ದ್ವಾರಕ್ಕೆ ಕಮಾನಿನ ರೂಪ ಕೊಡಲು ಗೋಡೆ ಒಡೆಯಬೇಕಾಗಿಲ್ಲ. ಒಳಗೆ ಮರದ ಚೌಕಟ್ಟು ಕಟ್ಟಿ, ಅದರ ಮೇಲೆ ಜಿಪ್ಸಂ ಬೋರ್ಡ್ (ಎರಡು ಕಾಗದಗಳ ನಡುವೆ ಜಿಪ್ಸಂ ತುಂಬಿದ ಹಲಗೆ) ಬಾಗಿಸಿ ಕೂರಿಸಿದರೆ ಸಾಕು. ಬಾಗಿಸುವಾಗ ಅವಸರ ಪಟ್ಟರೆ ಮಾತ್ರ ಬೋರ್ಡ್ ಕೈಯಲ್ಲೇ ಮುರಿಯುತ್ತದೆ. ನನ್ನ ಮೊದಲ ತುಂಡು ಹಾಗೆಯೇ ಎರಡಾಗಿತ್ತು.

ಮೊದಲು ಚೌಕಟ್ಟು. ದ್ವಾರದ ಅಗಲ 120 ಸೆಂ.ಮೀ. ಎಂದುಕೊಳ್ಳಿ. ಪ್ಲೈವುಡ್ ಮೇಲೆ ಮೊಳೆ ಹೊಡೆದು, 60 ಸೆಂ.ಮೀ. ದಾರಕ್ಕೆ ಪೆನ್ಸಿಲ್ ಕಟ್ಟಿ ಅರ್ಧವೃತ್ತ ಎಳೆಯಿರಿ. ಅರ್ಧವೃತ್ತವನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ ಭಾಗವೇ ಬೇಕಾದದ್ದು. ಇಂಥ ಎರಡು ತುಂಡುಗಳನ್ನು ಮಾಡಿಕೊಂಡು, ಗೋಡೆಯ ಎರಡೂ ಮೈಗಳಿಂದ ಬೋರ್ಡಿನ ದಪ್ಪದಷ್ಟು ಒಳಗೆ ನಿಲ್ಲಿಸಿ. ಅವುಗಳ ನಡುವೆ ಬಾಗಿನ ಉದ್ದಕ್ಕೂ 15 ಸೆಂ.ಮೀ.ಗೊಂದು ಮರದ ಅಡ್ಡಪಟ್ಟಿ ಬೇಕು. ಪಟ್ಟಿಗಳು ದೂರವಾದರೆ ಬಾಗು ನುಣುಪಾಗಿ ಬರುವುದಿಲ್ಲ, ಮುರಿದ ಗೆರೆಗಳಂತೆ ಕಾಣುತ್ತದೆ. ಕೊರೆಯುವ ಮುನ್ನ ಆ ಜಾಗದಲ್ಲಿ ವಿದ್ಯುತ್ ತಂತಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಕಮಾನಿನ ಒಳಮೈಗೆ ಬಾಗಿಸಲೆಂದೇ ತಯಾರಿಸಿದ 6 ಮಿ.ಮೀ. ಬೋರ್ಡ್ ಕೊಳ್ಳಿ, ಎರಡು ಪದರ ಹಾಕಿ. ಬೋರ್ಡ್ ತನ್ನ ಉದ್ದದ ದಿಕ್ಕಿಗೇ ಸುಲಭವಾಗಿ ಬಾಗುವುದರಿಂದ ಪಟ್ಟಿಯನ್ನು ಉದ್ದುದ್ದ ಕತ್ತರಿಸಬೇಕು. ನಮ್ಮ ಅರ್ಧವೃತ್ತದ ಸುತ್ತಳತೆ ಸುಮಾರು 188 ಸೆಂ.ಮೀ. ಒಳಗೆ ಬರುವ ಎರಡನೆಯ ಪದರಕ್ಕೆ ಸುಮಾರು 2 ಸೆಂ.ಮೀ. ಕಡಿಮೆ ಸಾಕು. ಎರಡನ್ನೂ ತುಸು ಉದ್ದವಾಗಿಯೇ ಕತ್ತರಿಸಿಟ್ಟು, ಕೂರಿಸುವಾಗ ಒಪ್ಪ ಮಾಡಿ.

ಇನ್ನು ನೀರು. ಕಮಾನಿನಲ್ಲಿ ಕೆಳಗೆ ಕಾಣುವ ಮುಖ ಒಳಕ್ಕೆ ಒತ್ತಿಕೊಳ್ಳುತ್ತದೆ, ಹಿಂಬದಿ ಹಿಗ್ಗುತ್ತದೆ. ಒತ್ತಿಕೊಳ್ಳುವ ಮುಖಕ್ಕೆ ಸ್ಪಂಜಿನಿಂದ ನೀರು ಸವರಿ. ಹಿಗ್ಗುವ ಬದಿಯ ಕಾಗದ ಒಣಗಿರಲಿ, ನೆನೆದರೆ ಹರಿಯುತ್ತದೆ. ಸುಮಾರು ಒಂದು ಗಂಟೆ ಬಿಡಿ. ಆಮೇಲೆ ಎರಡೂ ತುದಿ ಹಿಡಿದೆತ್ತಿದರೆ ಬೋರ್ಡ್ ತನ್ನ ಭಾರಕ್ಕೇ ಜೋಲುವುದು ಕೈಗೆ ತಿಳಿಯುತ್ತದೆ. ಇನ್ನೂ ಸೆಟೆದುಕೊಂಡಿದ್ದರೆ ಮತ್ತೆ ನೀರು ಸವರಿ ಕಾಯಿರಿ.

ಕೂರಿಸುವಾಗ ಇಬ್ಬರಿರಬೇಕು. ಪಟ್ಟಿಯ ನಡುವನ್ನು ಕಮಾನಿನ ನೆತ್ತಿಗೆ ಒತ್ತಿ ಸ್ಕ್ರೂ ಹಾಕಿ, ಅಲ್ಲಿಂದ ಎರಡೂ ಕಡೆಗೆ ಅಂಗೈಯಿಂದ ಒತ್ತುತ್ತಾ ಪ್ರತಿ ಅಡ್ಡಪಟ್ಟಿಗೂ ಬಿಗಿಯುತ್ತಾ ಇಳಿಯಿರಿ. ಸ್ಕ್ರೂ ತಲೆ ಕಾಗದವನ್ನು ತುಸು ತಗ್ಗಿಸಬೇಕು, ಹರಿಯಬಾರದು. ಮೊದಲ ಪದರ ಪೂರ್ತಿ ಒಣಗಿದ ಮೇಲೆ ಎರಡನೆಯದು.

ಕಮಾನು ಇನ್ನೂ ಕಿರಿದಾಗಿದ್ದರೆ ಬೇರೆ ದಾರಿಯಿದೆ. ಸಾಮಾನ್ಯ 12.5 ಮಿ.ಮೀ. ಬೋರ್ಡನ್ನೇ ತೆಗೆದುಕೊಂಡು, ಹಿಂಬದಿಯ ಕಾಗದವನ್ನು 2.5 ಸೆಂ.ಮೀ.ಗೊಂದರಂತೆ ಅಡ್ಡಡ್ಡ ಸೀಳಿ, ಪ್ರತಿ ಸೀಳಿನಲ್ಲೂ ಒಳಗಿನ ಜಿಪ್ಸಂ ಮುರಿಯಿರಿ. ಒಂದೊಂದು ಸೀಳಿಗೂ ಚಟಕ್ಕೆಂಬ ಸದ್ದು ಕೇಳಬೇಕು. ಮುಂಬದಿಯ ಕಾಗದ ಮಾತ್ರ ಅಖಂಡವಾಗಿರಲಿ, ಇಡೀ ಪಟ್ಟಿಯನ್ನು ಹಿಡಿದಿಡುವುದು ಅದೇ. ಹೀಗೆ ಮಾಡಿದ ಬೋರ್ಡಿಗೆ ನೀರು ಬೇಕಿಲ್ಲ.

ಗೋಡೆಯ ಎರಡೂ ಮೈಗೆ ಕಮಾನಿನ ಆಕಾರದ ಬೋರ್ಡ್ ಹೊದಿಸಿ, ಅಂಚಿಗೆ ಬಾಗುವ ಪ್ಲಾಸ್ಟಿಕ್ ಮೂಲೆಪಟ್ಟಿ ಜೋಡಿಸಿ. ಕೀಲುಗಳಿಗೆ ಟೇಪ್ ಅಂಟಿಸಿ ಜಾಯಿಂಟ್ ಕಾಂಪೌಂಡನ್ನು (ಕೀಲು ಮುಚ್ಚುವ ಲೇಪ) ತೆಳುವಾಗಿ ಮೂರು ಸಲ ಬಳಿಯಿರಿ, ಪ್ರತಿ ಸಲವೂ ಚೆನ್ನಾಗಿ ಒಣಗಲಿ. ಕೊನೆಗೆ ಮುಖಗವಸು ಧರಿಸಿ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಉಳಿದ ಉಬ್ಬುತಗ್ಗುಗಳು ನೆರಳಾಗಿ ಕಾಣುತ್ತವೆ. ಅವನ್ನು ಸರಿಪಡಿಸಿದ ಮೇಲೆಯೇ ಪ್ರೈಮರ್ ಬಳಿಯಿರಿ.