ಚಾಲಕ ಬೇಡವೆಂದರೆ ಗಾಡಿ ಕದಲುವುದಿಲ್ಲ: ನನ್ನ ಅನುಭವ

ಹುಬ್ಬಳ್ಳಿಯಿಂದ ಅಂಕೋಲಾ ಕಡೆಗೆ ಲೋಡ್ ಕಳಿಸುವವರಿಗೆ ಅರಬೈಲು ಘಟ್ಟದ ಬಗ್ಗೆ ಹೇಳಬೇಕಾಗಿಲ್ಲ. ಅಲ್ಲಿ ಬ್ರೇಕ್ ಡ್ರಮ್ ಕಾದು ಲೈನಿಂಗ್ ಸುಡುವ ವಾಸನೆ ಕ್ಯಾಬಿನ್ನಿನಲ್ಲಿ ಕುಳಿತವನಿಗೆ ಬರುತ್ತದೆ, ಗಬ್ಬೂರಿನ ಕಚೇರಿಯಲ್ಲಿರುವ ನನಗಲ್ಲ. ಆದ್ದರಿಂದ ನಮ್ಮಲ್ಲಿ ಚಾಲಕ ಗಾಡಿ ಸರಿಯಿಲ್ಲವೆಂದರೆ ಅದು ಹೊರಡುವುದಿಲ್ಲ. ಮ್ಯಾನೇಜರ್ ಇರಲಿ, ನಾನೂ ಅದನ್ನು ಹೊರಡಿಸುವಂತಿಲ್ಲ.

ಇದು ವಿಮಾನದವರ ಪದ್ಧತಿ. ವಿಮಾನ ನಿರ್ವಹಣೆಯಲ್ಲಿರುವ ನನ್ನ ಅಕ್ಕನ ಮಗನಿಂದ ತಿಳಿದುಕೊಂಡೆ. ಎಂಜಿನಿಯರ್ ದುರಸ್ತಿ ಮಾಡಿ ಲಾಗ್ ಪುಸ್ತಕಕ್ಕೆ ಸಹಿ ಹಾಕಿದ ಮೇಲೂ ಆ ವಿಮಾನವನ್ನು ಒಪ್ಪಿಕೊಳ್ಳುವುದು, ಬಿಡುವುದು ಕ್ಯಾಪ್ಟನ್ನನಿಗೆ ಸೇರಿದ್ದು. ನಾನು ಇದನ್ನು ಹೇಳಿದಾಗ ಪರಿಚಯದ ಲಾರಿ ಮಾಲೀಕರೆಲ್ಲ ಒಂದೇ ಮಾತು ಹೇಳಿದರು: ‘ಸಿದ್ಧಾರೂಢರ ಜಾತ್ರೆ ಬಂದರೆ ಎಲ್ಲ ಗಾಡಿಗಳ ಬ್ರೇಕೂ ಕೆಡುತ್ತದೆ, ನೋಡುತ್ತಿರು.’

ಆದದ್ದು ಅದರ ತದ್ವಿರುದ್ಧ. ಮೊದಲ ವರ್ಷ ಒಬ್ಬನೂ ಗಾಡಿ ನಿಲ್ಲಿಸಲಿಲ್ಲ. ಬ್ರೇಕಿನ ಏರ್ ಪ್ರೆಶರ್ ಏರದ ಗಾಡಿಯನ್ನೂ ಹಾಗೆಯೇ ಒಯ್ದರು. ಗಾಡಿ ನಿಂತರೆ ಭತ್ಯೆ ಇಲ್ಲ, ಟ್ರಿಪ್ ಬೋನಸ್ ಇಲ್ಲ. ಹೀಗಿರುವಾಗ ಹಕ್ಕು ಕೊಟ್ಟರೆ ಯಾರು ಬಳಸುತ್ತಾರೆ? ಟ್ರಿಪ್ ಬೋನಸ್ ತೆಗೆದುಹಾಕಿ ಅಷ್ಟನ್ನು ಸಂಬಳಕ್ಕೆ ಸೇರಿಸಿದೆ. ನಿಂತ ದಿನಕ್ಕೂ ಪೂರ್ತಿ ಭತ್ಯೆ ಕೊಟ್ಟೆ, ಸುಮಾರು ಎಂಟು ನೂರು ರೂಪಾಯಿ. ಆಮೇಲೆ ನಮ್ಮ ಪುಸ್ತಕದಲ್ಲಿ ಗಾಡಿ ನಿಲ್ಲಿಸುವ ದೂರು ಬರೆಯುವ ಕೆಂಪು ಪುಟಗಳು ತುಂಬತೊಡಗಿದವು.

ಹಣದ ವಿಷಯ ಮುಚ್ಚಿಡುವುದಿಲ್ಲ. ನಿಂತ ಒಂದು ಗಾಡಿಗೆ ಬಾಡಿಗೆ, ಸಾಲದ ಕಂತು, ಭತ್ಯೆ ಸೇರಿ ದಿನಕ್ಕೆ ಏಳೆಂಟು ಸಾವಿರ ಹೋಗುತ್ತಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಜೋರಾಗಿದ್ದ ಸೀಸನ್ನಿನಲ್ಲೇ ಹೀಗಾಗಿ, ನಾಲ್ಕು ಲಕ್ಷದಷ್ಟು ಕೈಬಿಟ್ಟಿರಬೇಕು. ಒಬ್ಬ ಹಳೆಯ ವ್ಯಾಪಾರಿ ಬೇರೆಯವರ ಗಾಡಿ ಹಿಡಿದ. ಮನೆಯಲ್ಲೂ ಬೈಸಿಕೊಂಡೆ. ನಿಯಮ ಮಾತ್ರ ಬದಲಿಸಲಿಲ್ಲ.

ಸುಳ್ಳು ಹೇಳಿ ನಿಲ್ಲಿಸಿದವರು ಇದ್ದರು, ಬೆರಳೆಣಿಕೆಯಷ್ಟು. ಅವರನ್ನು ಪತ್ತೆ ಮಾಡುವ ಉಪಾಯ ನನಗೂ ನಮ್ಮ ಫಿಟ್ಟರ್‌ಗೂ ಮಾತ್ರ ಗೊತ್ತು. ಬರೆದರೆ ನಾಳೆಯಿಂದ ಅದು ನಡೆಯುವುದಿಲ್ಲ. ಸುಳ್ಳೆಂದು ಗೊತ್ತಿದ್ದರೂ ಆ ದಿನ ಗಾಡಿ ಕಳಿಸುವುದಿಲ್ಲ ಎಂಬುದಷ್ಟನ್ನು ಹೇಳುತ್ತೇನೆ.

ದೂರನ್ನು ಪೂರ್ತಿ ಬರೆಸುವುದೇ ಕಷ್ಟದ ಕೆಲಸ. ಬರೀ ‘ಬ್ರೇಕ್ ಲೂಸ್’ ಎಂದರೆ ಫಿಟ್ಟರ್ ಏನು ನೋಡಬೇಕು? 2018ರ ಅಕ್ಟೋಬರ್ 28ರಂದು ಲಯನ್ ಏರ್‌ನ ಬೋಯಿಂಗ್ 737 ಮ್ಯಾಕ್ಸ್ ವಿಮಾನ ಡೆನ್‌ಪಸಾರ್‌ನಿಂದ ಜಕಾರ್ತಾಕ್ಕೆ ಬರುವಾಗ ಮೂಗು ತಗ್ಗಿಸುತ್ತಿತ್ತು. ಪೈಲಟ್‌ಗಳು ಮೂಗು ಏರಿಳಿಸುವ ಮೋಟಾರಿನ ಟ್ರಿಮ್ ಸ್ವಿಚ್ ಆಫ್ ಮಾಡಿ ಹೇಗೋ ತಂದು ಇಳಿಸಿದರು. ಆದರೆ ಸ್ವಿಚ್ ಆಫ್ ಮಾಡಿದ್ದು, ಪೈಲಟ್ ಹಿಡಿಯುವ ಕೋಲನ್ನು ನಡುಗಿಸಿ ಎಚ್ಚರಿಸುವ ಸ್ಟಿಕ್ ಶೇಕರ್ ದಾರಿಯುದ್ದಕ್ಕೂ ಅಲುಗಿದ್ದು ಲಾಗ್‌ನಲ್ಲಿ ಬರಲಿಲ್ಲ. ಮರುದಿನ ಬೆಳಿಗ್ಗೆ ಅದೇ ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ವಿನ್ಯಾಸದ ದೋಷ ದೊಡ್ಡದೇ. ಆದರೂ ಆ ಎರಡು ಸಾಲು ಇದ್ದಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ನಮ್ಮ ಚಾಲಕರಿಗೆ ಬರೆಯಲು ಬೇಸರ. ಹಾಗಾಗಿ ವಾಟ್ಸಾಪ್‌ನಲ್ಲಿ ಧ್ವನಿ ಕಳಿಸಲಿ ಎಂದೆ. ಯಾವ ಗೇರಿನಲ್ಲಿ, ಎಷ್ಟು ಲೋಡಿನಲ್ಲಿ, ಯಾವ ತಿರುವಿನಲ್ಲಿ ಎಂಬುದನ್ನೆಲ್ಲ ಹೇಳುತ್ತಾರೆ. ಕಚೇರಿಯ ಹುಡುಗ ಪುಸ್ತಕಕ್ಕೆ ಇಳಿಸುತ್ತಾನೆ.

ಮ್ಯಾನೇಜರ್ ಚಾಲಕನಿಗೆ ಫೋನ್ ಮಾಡಿ ‘ಸ್ವಲ್ಪ ನೋಡಪ್ಪಾ’ ಎನ್ನುವುದನ್ನೂ ನಿಲ್ಲಿಸಿದೆ. 2000ದಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ 261ನೇ ವಿಮಾನದ ಬಾಲದ ರೆಕ್ಕೆಯನ್ನು ಏರಿಳಿಸುವ ತಿರುಪು, ಅಂದರೆ ಜ್ಯಾಕ್‌ಸ್ಕ್ರೂ, ಗ್ರೀಸ್ ಸಾಲದೆ ಸವೆದಿತ್ತು. ಪೈಲಟ್ ಲಾಸ್ ಏಂಜಲೀಸ್‌ನಲ್ಲಿ ಇಳಿಸುತ್ತೇನೆಂದರೆ, ನೆಲದಿಂದ ವಿಮಾನಗಳ ಓಡಾಟ ನೋಡಿಕೊಳ್ಳುವ ಕಂಪನಿಯ ಡಿಸ್ಪ್ಯಾಚರ್‌ಗೆ ವಿಮಾನ ಸ್ಯಾನ್ ಫ್ರಾನ್ಸಿಸ್ಕೋವರೆಗೂ ಹೋಗಲಿ ಎಂಬ ಆಸೆ. ಕೊನೆಗೆ ವಿಮಾನ ಬಿದ್ದು 88 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಇಳಿಸುವ ಮಾತಿಗೆ ವೇಳಾಪಟ್ಟಿಯ ಮಾತು ಅಡ್ಡ ಬರಲೇಬಾರದು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹತ್ತಿಪ್ಪತ್ತು ಸಾವಿರದ ಸೆನ್ಸರ್ ಪೆಟ್ಟಿಗೆ ಹಾಕಿಸಿದೆ, ಧೂಳಿಗೆ ಸತ್ತಿತು. ಸಾವಿರದೈನೂರರ ತಾಪಮಾನದ ಗನ್ ಮಾತ್ರ ಬಂಗಾರ. ಘಟ್ಟ ಇಳಿದು ನಿಲ್ಲಿಸಿ ಪ್ರತಿ ಡ್ರಮ್‌ಗೆ ಹಿಡಿಯಿರಿ. ಒಂದು ಚಕ್ರ ಉಳಿದವಕ್ಕಿಂತ ಬಹಳ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಎಂದು ತಿಳಿಯಿರಿ. ಲೈನಿಂಗ್‌ಗೂ ಡ್ರಮ್‌ಗೂ ನಡುವಿನ ಅಂತರ ಸರಿಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ನೋಡಿ. ತಣ್ಣಗಿರುವ ಚಕ್ರವನ್ನೂ ಬಿಡಬೇಡಿ, ಅಲ್ಲಿ ಬ್ರೇಕ್ ಕೆಲಸವನ್ನೇ ಮಾಡುತ್ತಿಲ್ಲ.

ಈಗ ದಾರಿಯಲ್ಲಿ ಗಾಡಿ ಕೆಟ್ಟು ನಿಲ್ಲುವುದು ಮೊದಲಿನ ಕಾಲು ಭಾಗಕ್ಕೆ ಇಳಿದಿದೆ. ಬೇರೆ ಗಾಡಿ ಹಿಡಿದಿದ್ದ ಬ್ಯಾಡಗಿಯ ವ್ಯಾಪಾರಿ ತಾನೇ ಫೋನ್ ಮಾಡಿದ. ಜಾತ್ರೆಯ ಮಾತಾಡಿದವರಲ್ಲಿ ಇಬ್ಬರು ನಮ್ಮ ಪುಸ್ತಕದ ನಮೂನೆ ಒಯ್ದಿದ್ದಾರೆ. ಈ ವರ್ಷ ಕ್ಲೀನರ್‌ಗೂ ಕೆಂಪು ಪುಟ ಬರೆಯುವ ಹಕ್ಕು ಕೊಟ್ಟಿದ್ದೇನೆ, ಗಾಡಿಯನ್ನು ಮತ್ತೆ ರಸ್ತೆಗಿಳಿಸುವ ಸಹಿ ಮಾತ್ರ ಚಾಲಕನದೇ.